ಗಾಯದಿಂದ ಬಂದ ಬಲ ಯಾರ ಕೈಯಲ್ಲಿದೆ? ಫ್ಯಾಂಟಸಿ ಅನಿಮೆಗಳಲ್ಲಿ ಆಘಾತ ಮತ್ತು ಸಬಲತೆ

(ಓದುಗರ ಬಳಗವೊಂದರ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹರೂಪ)

ಆತ್ಮೀಯರೇ, ಫ್ಯಾಂಟಸಿ ಅನಿಮೆಗಳನ್ನು, ಅಂದರೆ ಅದ್ಭುತಲೋಕಗಳ ಕಥೆ ಹೇಳುವ ಜಪಾನಿ ಆ್ಯನಿಮೇಷನ್ ಕೃತಿಗಳನ್ನು, ಸ್ವಲ್ಪ ಕಾಲ ನೋಡಿದವರಿಗೂ ಒಂದು ಕಥಾಸೂತ್ರ ಬಾಯಿಪಾಠವಾಗಿಬಿಡುತ್ತದೆ. ಮೊದಲ ಕಂತಿನಲ್ಲೇ ಮನೆ ಉರಿಯುತ್ತದೆ, ತಾಯಿ ಸಾಯುತ್ತಾಳೆ, ಇಲ್ಲವೇ ಊರಿಗೆ ಊರೇ ಅಳಿದುಹೋಗುತ್ತದೆ. ಬದುಕುಳಿದ ಮಗು ಆ ನೋವನ್ನೇ ಉರುವಲು ಮಾಡಿಕೊಂಡು ಬೆಳೆದು, ಯಾರೂ ಎದುರು ನಿಲ್ಲಲಾಗದಂಥ ಬಲವನ್ನು ಗಳಿಸುತ್ತದೆ. ಕಾಳಗದ ನಟ್ಟನಡುವೆ, ಎತ್ತಿದ ಕತ್ತಿ ಇನ್ನೂ ಇಳಿಯದಿರುವಾಗಲೇ, ಬಾಲ್ಯದ ದುಃಖವೊಂದರ ಹಿನ್ನೋಟ ತೆರೆಯ ಮೇಲೆ ಬಂದುಹೋಗುತ್ತದೆ, ಮರುಕ್ಷಣ ಏಟಿನ ರಭಸ ಇಮ್ಮಡಿಯಾಗುತ್ತದೆ. ನೊಂದಷ್ಟೂ ಬಲ ಹೆಚ್ಚು ಎಂಬ ಈ ಲೆಕ್ಕ ಕಥೆಗಾರನಿಗೆ ಬಹಳ ಅನುಕೂಲವಾದದ್ದು. ನೊಂದವರ ಬದುಕಿನಲ್ಲಿ ಮಾತ್ರ ಅದು ಹೀಗೆ ಕೂಡಿಬರುವುದಿಲ್ಲ.

ಈ ಸೂತ್ರವನ್ನು ಒಳಗಿನಿಂದಲೇ ಪರೀಕ್ಷೆಗೆ ಒಡ್ಡಿದ ಕೃತಿಗಳೂ ಇದೇ ಪರಂಪರೆಯಲ್ಲಿ ಹುಟ್ಟಿವೆ, ಮತ್ತು ನನ್ನ ಮಾತು ಮುಖ್ಯವಾಗಿ ಅವುಗಳನ್ನು ಕುರಿತದ್ದು. ಬಲ ಬೇರೆ, ತನ್ನ ಬದುಕಿನ ಬಗ್ಗೆ ತಾನೇ ನಿರ್ಧರಿಸುವ ಸ್ವಾತಂತ್ರ್ಯ ಬೇರೆ. ಗಾಯಗೊಂಡ ವ್ಯಕ್ತಿಗೆ ಮೊದಲನೆಯದು ಧಾರಾಳವಾಗಿ ಸಿಕ್ಕಿ ಎರಡನೆಯದು ಸಿಗದೇ ಹೋಗಬಹುದು, ಹಾಗೆ ಸಿಕ್ಕ ಬಲ ಹಳೆಯ ಗಾಯದ ಮುಂದುವರಿಕೆಯೇ ಆಗಬಹುದು ಎಂಬುದು ನಾನು ಮಂಡಿಸಬೇಕೆಂದಿರುವ ವಿಚಾರ. ಇದನ್ನು ವಿವರಿಸಲು ಕಥೆಗಳ ಕೊನೆಯನ್ನು ಹೇಳಲೇಬೇಕಾಗುತ್ತದೆ. ಇನ್ನೂ ನೋಡದವರು ದಯವಿಟ್ಟು ಮನ್ನಿಸಬೇಕು.

ಮಾನಸಿಕ ಆಘಾತವನ್ನು ಇಂದು ನಾವು ಅರ್ಥಮಾಡಿಕೊಳ್ಳುವ ರೀತಿ ತೀರ ಹಳೆಯದೇನಲ್ಲ. ಪಿಟಿಎಸ್‌ಡಿ (ಆಘಾತದ ನಂತರವೂ ಮನಸ್ಸನ್ನು ಕಾಡುವ ಒತ್ತಡದ ಕಾಯಿಲೆ) ಎಂಬ ರೋಗನಿರ್ಣಯ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಜಪಾನಿನಲ್ಲಿ ಅದು ಜನಸಾಮಾನ್ಯರ ಮಾತಿಗೆ ಇಳಿದದ್ದು 1995ರಲ್ಲಿ: ಆ ವರ್ಷದ ಜನವರಿ 17ರಂದು ಕೋಬೆ ಪ್ರದೇಶದ ಭೂಕಂಪದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಓಮ್ ಶಿನ್ರಿಕ್ಯೊ ಪಂಥದವರು ಸರಿನ್ ವಿಷಾನಿಲ ಹರಡಿದರು. ಮನಸ್ಸಿಗೂ ಆರೈಕೆ ಬೇಕು ಎಂಬ ಮಾತು ಪತ್ರಿಕೆ, ಟೀವಿಗಳಲ್ಲಿ ದಿನನಿತ್ಯ ಕೇಳತೊಡಗಿದ್ದು ಆಗ. ಕೋಬೆಯಲ್ಲಿ ಸಂತ್ರಸ್ತರ ನಡುವೆ ಕೆಲಸ ಮಾಡಿದ ಮನೋವೈದ್ಯ ಹಿಸಾವೊ ನಾಕಾಯಿ ಅವರೇ ಅಮೆರಿಕದ ಜೂಡಿತ್ ಹರ್ಮನ್ 1992ರಲ್ಲಿ ಬರೆದ ಆಘಾತ ಮತ್ತು ಚೇತರಿಕೆಯ ಗ್ರಂಥವನ್ನು ಜಪಾನಿ ಭಾಷೆಗೆ ತಂದರು. ಹರ್ಮನ್ ಅವರ ಪ್ರಕಾರ ಆಘಾತದ ತಿರುಳೇ ನಿಸ್ಸಹಾಯಕತೆ. ಹೀಗಾಗಿ ಚೇತರಿಕೆಯ ಮೊದಲ ಷರತ್ತು ನೊಂದವರ ಕೈಗೆ ನಿರ್ಧಾರ ಮರಳುವುದು, ಮತ್ತು ಅದನ್ನು ಕಸಿದುಕೊಳ್ಳುವ ನೆರವು ಎಷ್ಟೇ ಒಳ್ಳೆಯ ಉದ್ದೇಶದ್ದಾದರೂ ನೊಂದವರನ್ನು ಮೇಲೆತ್ತಲಾರದು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಅನಿಮೆಗಳ ಕಡೆಗೆ ಬರೋಣ.

2011ರ ಜನವರಿಯಲ್ಲಿ ಆರಂಭವಾದ 'ಪುಯೆಲ್ಲಾ ಮಾಗಿ ಮಡೋಕಾ ಮ್ಯಾಜಿಕಾ' ಹನ್ನೆರಡು ಕಂತುಗಳ ಸರಣಿ. ನಿರ್ದೇಶನ ಅಕಿಯುಕಿ ಶಿನ್ಬೊ, ಬರವಣಿಗೆ ಗೆನ್ ಉರೊಬುಚಿ. ಮಾಂತ್ರಿಕ ಹುಡುಗಿಯರ ಕಥೆಗಳು ಜಪಾನಿನ ಟೀವಿಯಲ್ಲಿ 1966ರಿಂದಲೂ ಇವೆ, ಅವುಗಳಲ್ಲಿ ಮಾಂತ್ರಿಕ ಶಕ್ತಿ ಹೆಚ್ಚಾಗಿ ಒಂದು ಉಡುಗೊರೆಯಾಗಿ ಬರುತ್ತಿತ್ತು. ಇಲ್ಲಿ ಅದು ಕರಾರಾಗಿ ಬರುತ್ತದೆ. ಕ್ಯೂಬೇ ಎಂಬ ಬೆಕ್ಕಿನಂಥ ಬಿಳಿ ಪ್ರಾಣಿ ಹದಿಹರೆಯದ ಹುಡುಗಿಯರ ಬಳಿ ಬಂದು, ಅವರ ಒಂದು ಆಸೆಯನ್ನು, ಅದು ಏನೇ ಇರಲಿ, ನೆರವೇರಿಸಿಕೊಡುತ್ತದೆ. ಪ್ರತಿಯಾಗಿ ಅವರು ಮಾಟಗಾತಿಯರ ವಿರುದ್ಧ ಹೋರಾಡಬೇಕು. ಕರಾರಾದ ಕ್ಷಣದಲ್ಲೇ ಹುಡುಗಿಯ ಆತ್ಮವನ್ನು ದೇಹದಿಂದ ಬೇರ್ಪಡಿಸಿ ಒಂದು ರತ್ನದಲ್ಲಿ ಇಡಲಾಗುತ್ತದೆ, ಹತಾಶೆಯಿಂದ ಆ ರತ್ನ ಪೂರ್ತಿ ಕಪ್ಪಾದ ದಿನ ಆ ಹುಡುಗಿಯೇ ಮಾಟಗಾತಿಯಾಗುತ್ತಾಳೆ ಎಂಬ ಎರಡು ಸಂಗತಿಗಳನ್ನು ಮಾತ್ರ ಅದು ಮೊದಲೇ ಹೇಳುವುದಿಲ್ಲ. ಹುಡುಗಿಯರು ಸಿಟ್ಟಿನಿಂದ ಪ್ರಶ್ನಿಸಿದಾಗ ಕ್ಯೂಬೇ ಕೊಡುವ ಸಮಜಾಯಿಷಿ, ನೀವು ಕೇಳಲಿಲ್ಲ ಎಂಬುದು.

ಈ ಕರಾರುಗಳಿಗೆ ಹುಡುಗಿಯರು ಒಪ್ಪಿದ್ದು ಎಂಥ ಹೊತ್ತಿನಲ್ಲಿ ಎಂಬುದನ್ನು ಗಮನಿಸಬೇಕು. ಮಾಮಿ ಎಂಬ ಹುಡುಗಿ ಒಪ್ಪಿದ್ದು ಕಾರು ಅಪಘಾತದಲ್ಲಿ ನಜ್ಜುಗುಜ್ಜಾಗಿ ಪ್ರಾಣ ಹೋಗುತ್ತಿದ್ದಾಗ. ಕ್ಯೋಕೊ ಒಪ್ಪಿದ್ದು, ಯಾರೂ ಕಿವಿಗೊಡದ ತನ್ನ ಧರ್ಮಬೋಧಕ ತಂದೆಯ ಮಾತನ್ನು ಜನ ಕೇಳಲಿ ಎಂಬ ಹಂಬಲದಿಂದ. ಸತ್ಯ ತಿಳಿದ ತಂದೆ ಅವಳನ್ನು ಮಾಟಗಾತಿಯೆಂದು ಜರೆದು, ಮನೆಯವರನ್ನು ಕೊಂದು ತಾನೂ ಸತ್ತ. ಸಯಾಕಾ ಒಪ್ಪಿದ್ದು ತಾನು ಮೆಚ್ಚಿದ ಹುಡುಗನ ಕೈ ವಾಸಿಯಾಗಿ ಅವನು ಮತ್ತೆ ಪಿಟೀಲು ನುಡಿಸಲಿ ಎಂದು. ಅವನು ನುಡಿಸಿದ, ಆದರೆ ಇನ್ನೊಬ್ಬಳತ್ತ ಒಲಿದ. ಆಗ ತನ್ನೊಳಗೆ ಹುಟ್ಟಿದ ಅಸೂಯೆಯನ್ನು ತಾನೇ ಕ್ಷಮಿಸಿಕೊಳ್ಳಲಾರದೆ ಸಯಾಕಾ ಎಂಟನೆಯ ಕಂತಿನ ಕೊನೆಗೆ ಮಾಟಗಾತಿಯಾಗುತ್ತಾಳೆ. ಇವರೆಲ್ಲ ಅಸಾಧಾರಣ ಬಲವುಳ್ಳವರು. ಆದರೆ ಬೇಡ ಎನ್ನಲು ಆಸ್ಪದವೇ ಇಲ್ಲದ ಘಳಿಗೆಯಲ್ಲಿ, ಅರ್ಧ ಸತ್ಯ ಕೇಳಿ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ? ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೂ ಸಾಲದ ಕಾಗದಕ್ಕೂ ನಾವು ಕೇಳಬೇಕಾದ ಪ್ರಶ್ನೆಯನ್ನೇ ಈ ಸರಣಿ ಮಾಂತ್ರಿಕ ದಂಡದ ಬಗ್ಗೆ ಕೇಳಿದೆ.

ಹೊಮುರಾಳ ಕಥೆ ಇನ್ನೂ ಸೂಕ್ಷ್ಮವಾದದ್ದು. ಹೃದಯದ ಕಾಯಿಲೆಯಿಂದ ಬಹುಕಾಲ ಆಸ್ಪತ್ರೆಯಲ್ಲಿದ್ದು ಶಾಲೆಗೆ ಬಂದ, ಕನ್ನಡಕ ಹಾಕಿದ, ಅಂಜುಬುರುಕಿ ಹುಡುಗಿ ಅವಳು. ತನ್ನನ್ನು ಮೊದಲ ಬಾರಿಗೆ ಆದರದಿಂದ ಕಂಡ ಗೆಳತಿ ಮಡೋಕಾ ಕಣ್ಣೆದುರೇ ಸತ್ತಾಗ, ಅವಳನ್ನು ಮತ್ತೆ ಮೊದಲಿನಿಂದ ಭೇಟಿಯಾಗಿ ಕಾಪಾಡುವ ಶಕ್ತಿ ಬೇಕೆಂದು ಹೊಮುರಾ ಬೇಡುತ್ತಾಳೆ. ಕಾಲವನ್ನು ಹಿಂದಿರುಗಿಸುವ ಸಾಮರ್ಥ್ಯ ಸಿಗುತ್ತದೆ; ಅದೇ ಒಂದು ತಿಂಗಳು, ಅದೇ ಸಾವು, ಮತ್ತೆ ಮತ್ತೆ. ಆಘಾತಗೊಂಡವರ ಮನಸ್ಸು ನಡೆದುಹೋದದ್ದರ ಸುತ್ತ ಹೇಗೆ ಸುತ್ತುತ್ತದೆ ಎಂಬುದನ್ನು ಹತ್ತನೆಯ ಕಂತು ಒಂದೇ ಒಂದು ಉಪದೇಶದ ಮಾತಿಲ್ಲದೆ ತೋರಿಸುತ್ತದೆ. ಪ್ರತಿ ಸುತ್ತಿನಲ್ಲೂ ಹೊಮುರಾ ಹೆಚ್ಚು ನಿಪುಣಳಾಗುತ್ತಾಳೆ, ಹೆಚ್ಚು ಒಂಟಿಯಾಗುತ್ತಾಳೆ, ಮತ್ತು ಕೊನೆಗೆ ಅವಳಿಗೆ ತಿಳಿಯುವುದೇನೆಂದರೆ ಆ ಸುತ್ತುಗಳೇ ಮಡೋಕಾಳ ಮೇಲೆ ವಿಧಿಯ ಎಳೆಗಳನ್ನು ಹೆಣೆಯುತ್ತಾ ಹೋಗಿ, ಅವಳನ್ನು ಕ್ಯೂಬೇಯ ಕಣ್ಣಿನಲ್ಲಿ ಎಲ್ಲರಿಗಿಂತ ಬೆಲೆಬಾಳುವ ಬೇಟೆಯನ್ನಾಗಿ ಮಾಡಿವೆ.

ಕೊನೆಯ ಎರಡು ಕಂತುಗಳು ಆ ವರ್ಷದ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯಿಂದಾಗಿ ನಿಂತು, ಏಪ್ರಿಲ್‌ನಲ್ಲಿ ಪ್ರಸಾರವಾದವು. ಅಲ್ಲಿ ಮಡೋಕಾ ಎಲ್ಲವನ್ನೂ ತಿಳಿದುಕೊಂಡ ಮೇಲೆ ಕರಾರಿಗೆ ಒಪ್ಪುತ್ತಾಳೆ, ಮತ್ತು ಕರಾರಿನ ಬುಡವನ್ನೇ ಕದಲಿಸುವ ಆಸೆಯನ್ನು ಕೇಳುತ್ತಾಳೆ: ಹಿಂದಿನ, ಮುಂದಿನ, ಎಲ್ಲ ಲೋಕಗಳ ಮಾಟಗಾತಿಯರನ್ನು ಅವರು ಹುಟ್ಟುವ ಮೊದಲೇ ತನ್ನ ಕೈಯಿಂದ ಇಲ್ಲವಾಗಿಸಬೇಕು. ಆ ಹುಡುಗಿಯರ ಆಸೆಗಳನ್ನು ಅವಳು ತಪ್ಪೆಂದು ಅಳಿಸಿಹಾಕುವುದಿಲ್ಲ, ಅವರ ಸಾವನ್ನೂ ತಪ್ಪಿಸುವುದಿಲ್ಲ. ತಾವು ಹಂಬಲಿಸಿದ್ದಕ್ಕಾಗಿ ಅವರು ರಾಕ್ಷಸರಾಗಬೇಕಾಗಿಲ್ಲ ಎಂದಷ್ಟೇ ಖಚಿತಪಡಿಸುತ್ತಾಳೆ. ನೊಂದವರಿಗೆ ನಾಚಿಕೆಯ ಹೊರೆಯನ್ನೂ ಹೊರಿಸುವ ಸಮಾಜಗಳಲ್ಲಿ ಇದು ಸಣ್ಣ ಮಾತಲ್ಲ. ಆದರೂ ನನ್ನದೊಂದು ತಕರಾರಿದೆ. ಇಷ್ಟಕ್ಕೆಲ್ಲ ಬೆಲೆಯಾಗಿ ಮಡೋಕಾ ಎಂಬ ಹುಡುಗಿ ಲೋಕದ ನೆನಪಿನಿಂದಲೇ ಅಳಿಸಿಹೋಗುತ್ತಾಳೆ, ಮತ್ತು ಹೆಣ್ಣಿನ ಶಕ್ತಿಯ ಶಿಖರ ಆತ್ಮಾರ್ಪಣೆಯೇ ಎಂಬ ಹಳೆಯ ದಾರಿಗೆ ಕಥೆ ಮರಳುತ್ತದೆ. 2013ರ ಮುಂದುವರಿಕೆಯ ಚಿತ್ರದಲ್ಲಿ ಹೊಮುರಾ ಆ ಅರ್ಪಣೆಯನ್ನು ಒಪ್ಪದೆ, ಮಡೋಕಾಳನ್ನು ಅವಳ ಇಚ್ಛೆಯನ್ನೇ ಕೇಳದೆ ಮನುಷ್ಯಳನ್ನಾಗಿ ಹಿಡಿದಿಟ್ಟುಕೊಳ್ಳುತ್ತಾಳೆ. ಹಲವರಿಗೆ ಆ ಕೊನೆ ಹಿಡಿಸಲಿಲ್ಲ. ಕಳೆದುಕೊಂಡವರ ಪ್ರೀತಿ ಹೇಗೆ ಪಹರೆಯಾಗಿ ತಿರುಗಬಹುದು ಎಂಬುದನ್ನು ಅಷ್ಟು ನಿಷ್ಠುರವಾಗಿ ಹೇಳಿದ್ದಕ್ಕಾಗಿಯೇ ನನಗೆ ಅದು ಮೆಚ್ಚುಗೆಯಾಯಿತು.

ಗಾಯವನ್ನು ಅಗ್ಗವಾಗಿ ಬಳಸಿಕೊಂಡವರ ಬಗ್ಗೆಯೂ ಹೇಳಬೇಕು. ಹೆಣ್ಣಿನ ಮೇಲಿನ ದೌರ್ಜನ್ಯವನ್ನು ಗಂಡು ನಾಯಕನ ಸೇಡಿಗೆ ಕಾರಣವಾಗಿ ಮಾತ್ರ ಇಟ್ಟುಕೊಳ್ಳುವುದು ಈ ಪ್ರಕಾರದ ಹಳೆಯ ಚಾಳಿ. 2018ರಲ್ಲಿ 'ಗಾಬ್ಲಿನ್ ಸ್ಲೇಯರ್' ಸರಣಿಯ ಮೊದಲ ಕಂತು ಇದೇ ಕಾರಣಕ್ಕೆ ದೊಡ್ಡ ವಿವಾದ ಎಬ್ಬಿಸಿತು. ಕೆಂತಾರೊ ಮಿಯುರಾ 1989ರಲ್ಲಿ ಆರಂಭಿಸಿದ 'ಬರ್ಸರ್ಕ್' ಬಹುದೊಡ್ಡ ಕೃತಿ. ನಾಯಕ ಗಟ್ಸ್ ಬಾಲ್ಯದಲ್ಲಿ ಅನುಭವಿಸಿದ ದೌರ್ಜನ್ಯ ಮತ್ತು ಅದರಿಂದಾಗಿ ಯಾರ ಸ್ಪರ್ಶವನ್ನೂ ಸಹಿಸಲಾಗದ ಅವನ ಸ್ಥಿತಿಯನ್ನು ಅದು ಗಂಭೀರವಾಗಿ ಚಿತ್ರಿಸಿದೆ. ಆದರೆ ಅದೇ ಕೃತಿಯಲ್ಲಿ ಸೇನಾನಿಯಾಗಿದ್ದ ಕಾಸ್ಕಾ, ದೌರ್ಜನ್ಯಕ್ಕೆ ಒಳಗಾದ ಮೇಲೆ ಮಾತು ಮತ್ತು ನೆನಪನ್ನು ಕಳೆದುಕೊಂಡು, ಪ್ರಕಟಣೆಯ ಸುಮಾರು ಎರಡು ದಶಕಗಳ ಕಾಲ ಎಳೆಮಗುವಿನಂತೆ ಇನ್ನೊಬ್ಬರ ಹಿಂದೆ ಅಲೆಯುತ್ತಾಳೆ. ಒಂದೇ ಬಗೆಯ ಗಾಯ ಅವನಿಗೆ ಖಡ್ಗವಾಯಿತು, ಅವಳಿಗೆ ಮೌನವಾಯಿತು.

ಸೇಡಿನ ಬಲ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಹಾಜಿಮೆ ಇಸಾಯಾಮಾ ಅವರ 'ಅಟ್ಯಾಕ್ ಆನ್ ಟೈಟನ್' ಎಲ್ಲರಿಗೂ ಗೊತ್ತಿರುವ ನಿದರ್ಶನ. ತಾಯಿಯನ್ನು ದೈತ್ಯ ನುಂಗುವುದನ್ನು ಕಂಡ ಎರೆನ್ ಎಂಬ ಬಾಲಕ, ಕೊನೆಗೆ ಲೋಕದ ಬಹುಪಾಲು ಜನರನ್ನು ದೈತ್ಯರ ಕಾಲಡಿ ತುಳಿಸುತ್ತಾನೆ. ಆ ಹೊತ್ತಿಗೆ ಅವನಷ್ಟು ಬಲಶಾಲಿ ಇನ್ನೊಬ್ಬನಿಲ್ಲ, ಅವನಷ್ಟು ಪರಾಧೀನನೂ ಇನ್ನೊಬ್ಬನಿಲ್ಲ. ಮುಂದಾಗುವುದು ಮೊದಲೇ ತಿಳಿದಿದ್ದೂ ಅವನು ಅದರಿಂದ ಹೊರಗೆ ಹೆಜ್ಜೆಯಿಡಲಾರ.

ಹಿರೊಮು ಅರಕಾವಾ ಅವರ 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಇದೇ ಪ್ರಶ್ನೆಯನ್ನು ಬೇರೆ ಕಡೆಗೆ ಒಯ್ಯುತ್ತದೆ. 2001ರಿಂದ 2010ರವರೆಗೆ ಮಾಂಗಾ (ಜಪಾನಿ ಚಿತ್ರಕಥೆ) ಆಗಿ ಪ್ರಕಟವಾದ ಈ ಕಥೆ 2009ರಲ್ಲಿ 64 ಕಂತುಗಳ ಸರಣಿಯಾಗಿ ಮೂಲಕ್ಕೆ ನಿಷ್ಠವಾಗಿ ತೆರೆಗೆ ಬಂತು. ಅದರಲ್ಲಿ ಸ್ಕಾರ್ ಎಂಬಾತ, ಸೇನೆ ನಡೆಸಿದ ಇಶ್ವಾಲ್ ಜನರ ನರಮೇಧದಲ್ಲಿ ಬದುಕುಳಿದವನು. ಸಾಯುತ್ತಿದ್ದ ಅಣ್ಣ ತನ್ನದೇ ತೋಳನ್ನು ಅವನಿಗೆ ಕೊಟ್ಟಿದ್ದಾನೆ, ಮುಟ್ಟಿದ್ದನ್ನು ಪುಡಿಮಾಡುವ ಶಕ್ತಿ ಆ ತೋಳಿನದ್ದು. ಗಾಯವೇ ಬಲವಾಗುವ ಸೂತ್ರದ ಅಕ್ಷರಶಃ ರೂಪ ಇವನು. ಎಚ್ಚರಗೊಂಡ ಕೂಡಲೇ, ಆವೇಶದಲ್ಲಿ ಅವನು ಕೊಂದದ್ದು ತನಗೆ ಚಿಕಿತ್ಸೆ ಮಾಡುತ್ತಿದ್ದ ವೈದ್ಯ ದಂಪತಿಯನ್ನೇ. ಅವರ ಮಗಳು ವಿನ್ರಿ, ಕೈಕಾಲು ಕಳೆದುಕೊಂಡವರಿಗೆ ಯಾಂತ್ರಿಕ ಅಂಗಗಳನ್ನು ಮಾಡಿ ಜೋಡಿಸುವ ಕುಶಲಕರ್ಮಿ.

ವಿನ್ರಿಗೆ ಸತ್ಯ ತಿಳಿದ ದಿನ ಅವಳ ಕೈಗೆ ಪಿಸ್ತೂಲು ಸಿಗುತ್ತದೆ, ಎದುರಿಗೆ ಸ್ಕಾರ್ ಇದ್ದಾನೆ, ಅವಳು ಗುಂಡು ಹಾರಿಸುವುದಿಲ್ಲ. ಅಲ್ಲಿ ಅವಳನ್ನು ತಡೆದವನು ಕಥೆಯ ನಾಯಕ, ರಸವಿದ್ಯೆ ಬಲ್ಲ ಎಡ್ವರ್ಡ್. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಬಹಳ ಕಂತುಗಳ ನಂತರ, ಬ್ರಿಗ್ಸ್‌ನ ಹಿಮಪ್ರದೇಶದಲ್ಲಿ, ಸೆರೆಸಿಕ್ಕ ಸ್ಕಾರ್‌ನ ರಕ್ತ ಸುರಿಯುವ ಗಾಯಕ್ಕೆ ಅವಳೇ ಪಟ್ಟಿ ಕಟ್ಟುವ ದೃಶ್ಯ. ನನ್ನ ತಂದೆತಾಯಿ ಇದ್ದಿದ್ದರೆ ಇದನ್ನೇ ಮಾಡುತ್ತಿದ್ದರು ಎನ್ನುತ್ತಾಳೆ, ಮತ್ತು ತಾನು ಅವನನ್ನು ಕ್ಷಮಿಸಿಲ್ಲವೆಂಬುದನ್ನೂ ಸ್ಪಷ್ಟವಾಗಿ ಹೇಳುತ್ತಾಳೆ. ಕ್ಷಮಿಸಿದರೆ ಮಾತ್ರ ಮನಸ್ಸು ಹಗುರವಾಗುತ್ತದೆ ಎಂದು ನೊಂದವರಿಗೆ ಬುದ್ಧಿ ಹೇಳುವವರು ನಮ್ಮ ನಡುವೆ ಬಹಳ ಜನ. ಕ್ಷಮೆಯನ್ನು ಕೊಡದೆಯೂ ಸೇಡಿನಿಂದ ಬಿಡಿಸಿಕೊಳ್ಳಬಹುದು, ಏನು ಕೊಡಬೇಕು ಏನು ಕೊಡಬಾರದು ಎಂಬ ತೀರ್ಮಾನ ಅವಳದ್ದೇ ಎಂದು ಅರಕಾವಾ ಅದನ್ನು ಅವಳಿಗೇ ಬಿಟ್ಟಿದ್ದಾರೆ. ಕಥೆಯ ಕೊನೆಗೆ ಎಡ್ವರ್ಡ್ ತಮ್ಮನ ದೇಹವನ್ನು ಮರಳಿ ಪಡೆಯಲು ತನ್ನ ರಸವಿದ್ಯೆಯ ಶಕ್ತಿಯನ್ನೇ ಕೊಟ್ಟುಬಿಡುತ್ತಾನೆ. ಅವನು ಹಿಂದೆ ಕಳೆದುಕೊಂಡಿದ್ದ ಕೈ ಮರಳಿರುತ್ತದೆ, ಎಡಗಾಲು ಮಾತ್ರ ಉಕ್ಕಿನದ್ದಾಗಿಯೇ ಉಳಿಯುತ್ತದೆ, ಅದರಲ್ಲೇ ಅವನು ಮುಂದಿನ ಪ್ರಯಾಣಕ್ಕೆ ಹೊರಡುತ್ತಾನೆ.

ಇನ್ನು ಕುನಿಹಿಕೊ ಇಕುಹಾರಾ ನಿರ್ದೇಶಿಸಿದ, 1997ರ 39 ಕಂತುಗಳ 'ರೆವಲ್ಯೂಷನರಿ ಗರ್ಲ್ ಉಟೆನಾ'. ತಂದೆತಾಯಿಯನ್ನು ಕಳೆದುಕೊಂಡು ಬದುಕೇ ಬೇಡವೆಂದಿದ್ದ ಬಾಲೆ ಉಟೆನಾಳಿಗೆ ರಾಜಕುಮಾರನೊಬ್ಬ ಧೈರ್ಯ ತುಂಬುತ್ತಾನೆ. ಅವಳು ಅವನನ್ನು ವರಿಸುವ ಕನಸು ಕಾಣದೆ, ತಾನೇ ರಾಜಕುಮಾರನಾಗಲು ಹೊರಡುತ್ತಾಳೆ. ಅವಳು ಸೇರುವ ಶಾಲೆಯಲ್ಲಿ ದ್ವಂದ್ವಯುದ್ಧ ಗೆದ್ದವರಿಗೆ ಆಂತಿ ಎಂಬ ಹುಡುಗಿ ಬಹುಮಾನವಾಗಿ ಹೋಗುತ್ತಾಳೆ. ಗೆದ್ದವರು ಹೇಳಿದ್ದನ್ನೆಲ್ಲ ನಗುನಗುತ್ತಾ ಒಪ್ಪುವ ಆಂತಿಯ ಆ ಸೌಮ್ಯತೆ ಮೊದಮೊದಲು ಸ್ವಭಾವದಂತೆ ಕಾಣುತ್ತದೆ. ಅಣ್ಣ ಅಕಿಯೊ ಅವಳನ್ನು ಬಹುಕಾಲದಿಂದ ಹಿಡಿತದಲ್ಲಿಟ್ಟು ಶೋಷಿಸುತ್ತಿದ್ದಾನೆ, ಹಿಂದೊಮ್ಮೆ ಅಣ್ಣನನ್ನು ಕಾಪಾಡಲು ಹೋಗಿ ಲೋಕದಿಂದ ಮಾಟಗಾತಿಯೆನಿಸಿಕೊಂಡ ಅವಳ ಮೈಯನ್ನು ಜನರ ದ್ವೇಷದ ಅಸಂಖ್ಯ ಖಡ್ಗಗಳು ಇಂದಿಗೂ ಇರಿಯುತ್ತಿವೆ ಎಂಬುದು ನಿಧಾನವಾಗಿ ತಿಳಿಯುತ್ತದೆ. ಆಗ ಆ ನಗು ಬದುಕುಳಿಯಲು ಕಲಿತ ಉಪಾಯವೆಂದು ನಮಗೆ ಅರ್ಥವಾಗುತ್ತದೆ.

ಕೊನೆಯ ಯುದ್ಧದಲ್ಲಿ ಆಂತಿ ಉಟೆನಾಳನ್ನು ಬೆನ್ನ ಹಿಂದಿನಿಂದ ಇರಿಯುತ್ತಾಳೆ. ನೋಡುಗರಿಗೆ ಇದನ್ನು ಸಹಿಸುವುದು ಕಷ್ಟ, ಆದರೆ ಇದಕ್ಕಿಂತ ನಿಜವಾದ ಇನ್ನೊಂದು ಘಟನೆ ಆ ಸರಣಿಯಲ್ಲಿಲ್ಲ; ಹಿಂಸಿಸುವವನ ನೆರಳಿನಲ್ಲೇ ಬದುಕು ಸಾಗಿಸಿದವರು, ಬಿಡಿಸಲು ಬಂದವರನ್ನೇ ಮೊದಲು ದೂಡುವುದು ನಾವೆಲ್ಲ ಕಂಡಿರುವ ಸಂಗತಿ. ರಕ್ತ ಸೋರುತ್ತಿದ್ದರೂ ಉಟೆನಾ ತೆವಳಿಕೊಂಡು ಹೋಗಿ, ಆಂತಿ ಅಡಗಿರುವ ಶವಪೆಟ್ಟಿಗೆಯ ಮುಚ್ಚಳವನ್ನು ಬರಿಗೈಯಿಂದ ತೆರೆದು ಕೈ ಚಾಚುತ್ತಾಳೆ. ಕೈಗಳು ಒಂದು ಕ್ಷಣ ಸೇರಿ ಜಾರುತ್ತವೆ, ಆಂತಿ ಕೆಳಗೆ ಬೀಳುತ್ತಾಳೆ. ತಾನು ರಾಜಕುಮಾರನಾಗಲಾರದೇ ಹೋದೆನೆಂದು ಪಶ್ಚಾತ್ತಾಪಪಡುತ್ತಲೇ ಉಟೆನಾ ಕಥೆಯಿಂದ ಮರೆಯಾಗುತ್ತಾಳೆ.

ಅವಳು ಸೋತಳೆಂದೇ ಶಾಲೆ ತಿಳಿಯುತ್ತದೆ, ಅವಳ ಹೆಸರನ್ನೂ ಮರೆಯುತ್ತದೆ. ಅಕಿಯೊ ಮುಂದಿನ ಆಟದ ನಿಯಮಗಳನ್ನು ಬರೆಯುತ್ತಾ ಕೂತಿರುವಾಗ ಆಂತಿ ಅವನ ಎದುರಿಗೆ ಬಂದು, ಅವಳು ಇಲ್ಲವಾಗಿಲ್ಲ, ನಿಮ್ಮ ಲೋಕದಿಂದ ಹೊರಗೆ ಹೋಗಿದ್ದಾಳೆ ಅಷ್ಟೇ ಎಂದು ಹೇಳಿ, ಕನ್ನಡಕವನ್ನು ಮೇಜಿನ ಮೇಲಿಟ್ಟು, ತನ್ನ ಕಾಲಿನಿಂದಲೇ ಶಾಲೆಯ ಗೇಟು ದಾಟುತ್ತಾಳೆ. ಇಲ್ಲಿ ಆಂತಿಗೆ ಹೊಸ ಶಕ್ತಿಯೇನೂ ಬಂದಿಲ್ಲ, ಅಕಿಯೊ ಸೋತೂ ಇಲ್ಲ. ಹೊರಗೆ ಹೋಗುವುದು ಸಾಧ್ಯ ಎಂಬ ತಿಳಿವಳಿಕೆಯೊಂದು ಅವಳಿಗೆ ಬಂದಿದೆ, ಮತ್ತು ಅದನ್ನು ಕೊಟ್ಟವಳು ಅವಳನ್ನು ಎತ್ತಿಕೊಂಡು ಹೋಗಲಾಗದೆ ಸೋತವಳು. ಹರ್ಮನ್ ಹೇಳಿದ ತತ್ವಕ್ಕೆ ಇದಕ್ಕಿಂತ ನಿಖರವಾದ ಕಥಾರೂಪವನ್ನು ನಾನು ಅನಿಮೆಯಲ್ಲಿ ಕಂಡಿಲ್ಲ.

ಉಪನ್ಯಾಸದ ನಡುವೆ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುವುದು ಅಗತ್ಯ. ಬಲವೇ ಪರಿಹಾರವಲ್ಲ ಎನ್ನುತ್ತಾ ಹೋದರೆ, ನೊಂದವರು ಆಯುಧ ಕೆಳಗಿಟ್ಟು ತೆಪ್ಪಗಿರಬೇಕೆಂದು ಹೇಳಿದಂತಾಗುವುದಿಲ್ಲವೇ ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ, ಮತ್ತು ಅದನ್ನು ಮೈಮೇಲೆ ಹಾಕಿಕೊಂಡ ಚಿತ್ರವೆಂದರೆ ಹಯಾವೊ ಮಿಯಾಝಾಕಿ ಅವರ 1997ರ 'ಪ್ರಿನ್ಸೆಸ್ ಮೊನೊನೊಕೆ'.

ಅದರಲ್ಲಿ ತಾತಾರಾಬಾ ಎಂಬ ಕಬ್ಬಿಣದ ಊರಿದೆ. ಊರೊಡತಿ ಎಬೊಶಿ ವೇಶ್ಯಾಗೃಹಗಳಿಂದ ಹೆಂಗಸರನ್ನು ಬಿಡಿಸಿ ತಂದಿದ್ದಾಳೆ. ಕುಲುಮೆಯ ತಿದಿಯನ್ನು ಹಗಲಿರುಳು ಪಾಳಿಯ ಮೇಲೆ ತುಳಿಯುವ ಅವರು, ದುಡಿಮೆ ಕಠಿಣವಾದರೂ ಹಿಂದಿನ ಬದುಕಿಗಿಂತ ಇದೇ ಮೇಲು ಎನ್ನುತ್ತಾರೆ. ಇನ್ನೊಂದು ಮನೆಯಲ್ಲಿ ಕುಷ್ಠರೋಗಿಗಳು ಬಂದೂಕು ತಯಾರಿಸುತ್ತಾರೆ. ಕೊಳೆಯುತ್ತಿದ್ದ ನಮ್ಮ ಮೈಯನ್ನು ತೊಳೆದು ಬಟ್ಟೆ ಸುತ್ತಿದವಳು, ನಮ್ಮನ್ನು ಮನುಷ್ಯರೆಂದು ಕಂಡವಳು ಇವಳೊಬ್ಬಳೇ ಎಂದು ಹಾಸಿಗೆ ಹಿಡಿದ ಹಿರಿಯನೊಬ್ಬ ಹೇಳುತ್ತಾನೆ. ಚಿತ್ರ ಬರುವುದಕ್ಕೆ ಒಂದು ವರ್ಷ ಮೊದಲು, 1996ರಲ್ಲಷ್ಟೇ, ಕುಷ್ಠರೋಗಿಗಳನ್ನು ಬೇರ್ಪಡಿಸಿಡುವ ಕಾಯಿದೆಯನ್ನು ಜಪಾನ್ ರದ್ದುಪಡಿಸಿತ್ತು. ಮಿಯಾಝಾಕಿ ಟೋಕಿಯೊ ಸಮೀಪದ ತಾಮಾ ಜೆನ್‌ಶೊಯೆನ್ ಎಂಬ ಕುಷ್ಠರೋಗಿಗಳ ಆಶ್ರಯಧಾಮಕ್ಕೆ ಹೋಗಿ ಬಂದಿದ್ದರು. ಆ ದೃಶ್ಯದ ಹಿಂದೆ ಇರುವ ಜನರು ಕಲ್ಪಿತರಲ್ಲ.

ಈ ಊರು ನಿಜವಾದ ಅರ್ಥದಲ್ಲಿ ನೊಂದವರ ಸಬಲೀಕರಣ. ಅದೇ ಊರಿನ ಬಂದೂಕಿನಿಂದ ಹೊರಟ ಕಬ್ಬಿಣದ ಗುಂಡು ಕಾಡಿನ ಹಂದಿದೇವತೆ ನಾಗೊವಿನ ಮೈಯೊಳಗೆ ಸೇರಿ, ಮೂಳೆ ಮುರಿದು ಕರುಳು ಕೊಳೆಯಿಸಿ, ಅದನ್ನು ಶಾಪ ಹರಡುವ ಭೂತವನ್ನಾಗಿ ಮಾಡುತ್ತದೆ. ಆ ಭೂತದಿಂದ ತನ್ನ ಹಳ್ಳಿಯನ್ನು ಕಾಪಾಡಿದ ಅಶಿತಾಕಾನ ಬಲಗೈಗೆ ಶಾಪ ಅಂಟುತ್ತದೆ. ಶಾಪ ಅವನನ್ನು ಕೊಲ್ಲುತ್ತಾ ಬರುತ್ತದೆ, ಜೊತೆಗೆ ಹತ್ತು ಜನ ಸೇರಿ ಎತ್ತುವ ಬಾಗಿಲನ್ನು ಒಬ್ಬನೇ ತೆರೆಯುವ ಬಲವನ್ನೂ ಕೊಡುತ್ತದೆ. ಎಬೊಶಿಯ ಎದುರು ಕೂತಾಗ ಆ ಕೈ ತಾನಾಗಿಯೇ ಕತ್ತಿಯತ್ತ ಚಲಿಸುತ್ತದೆ, ಎಡಗೈಯಿಂದ ಅವನು ಅದನ್ನು ಅದುಮಿ ಹಿಡಿಯುತ್ತಾನೆ. ಅವಳನ್ನು ಕೊಂದರೆ ಶಾಪ ತೀರುವುದಾದರೆ ಹಾಗೆಯೇ ಮಾಡುತ್ತಿದ್ದೆ, ಆದರೆ ಈ ಕೈ ಅಲ್ಲಿಗೆ ನಿಲ್ಲುವುದಿಲ್ಲ ಎಂಬುದು ಅವನ ಉತ್ತರ.

ಇಷ್ಟಾದರೂ ಚಿತ್ರ ಆ ಹೆಂಗಸರಿಗೆ ಬಂದೂಕು ಇಳಿಸಿ ಎಂದು ಎಲ್ಲಿಯೂ ಬೋಧಿಸುವುದಿಲ್ಲ. ಹೊರಗೆ ಸಾಮುರಾಯಿಗಳು ಊರನ್ನು ಮುತ್ತಿರುವಾಗ ಅದನ್ನು ಹಿಡಿದು ಕಾದವರು ಅವರೇ, ಅದು ಇಲ್ಲದಿದ್ದರೆ ಅವರು ಮರಳಬೇಕಾದ ಬದುಕು ಎಂಥದ್ದೆಂದು ಅವರಿಗೆ ಗೊತ್ತು. ತೋಳಗಳ ನಡುವೆ ಬೆಳೆದ ಸಾನ್‌ಳಿಗೂ ಮನುಷ್ಯರ ಜೊತೆ ರಾಜಿಯಾಗು ಎಂದು ಅದು ಹೇಳುವುದಿಲ್ಲ. ನೀನು ನನಗೆ ಪ್ರಿಯನಾದವನು, ಆದರೆ ಮನುಷ್ಯರನ್ನು ನಾನು ಕ್ಷಮಿಸಲಾರೆ ಎಂದು ಅವಳು ಕೊನೆಗೂ ಹೇಳುತ್ತಾಳೆ. ಅಶಿತಾಕಾ ವಾದಿಸುವುದಿಲ್ಲ, ನೀನು ಕಾಡಿನಲ್ಲಿರು, ನಾನು ತಾತಾರಾಬಾದಲ್ಲಿರುತ್ತೇನೆ, ಬಂದು ಕಾಣುತ್ತೇನೆ ಎನ್ನುತ್ತಾನೆ. ಅವನ ಕೈಯ ಶಾಪ ಇಳಿದರೂ ಮಚ್ಚೆ ಮಾಸಲಾಗಿ ಉಳಿದಿರುತ್ತದೆ. ಒಂದು ತೋಳು ಕಳೆದುಕೊಂಡ ಎಬೊಶಿ ಬದುಕುಳಿದವರನ್ನು ಸುತ್ತ ಕೂರಿಸಿಕೊಂಡು, ಎಲ್ಲವನ್ನೂ ಮೊದಲಿನಿಂದ ಆರಂಭಿಸೋಣ, ಒಳ್ಳೆಯ ಊರನ್ನು ಕಟ್ಟೋಣ ಎನ್ನುತ್ತಾಳೆ. ಆ ಊರಿನಲ್ಲಿ ಮತ್ತೆ ಬಂದೂಕು ತಯಾರಾಗುತ್ತದೆಯೇ ಎಂಬುದನ್ನು ಮಿಯಾಝಾಕಿ ಹೇಳಿಲ್ಲ, ಪ್ರಶ್ನೆ ಕೇಳಿದ ಸಭಿಕರಿಗೆ ಅದನ್ನು ನಾನೂ ಹೇಳಲಾರೆನೆಂದೇ ಉತ್ತರಿಸಿದೆ.